ಮುಚ್ಚಳ ತೆರೆದಾಗ ಪೋಕ್ಕರಿಕ್ಕ

ಪ್ರೀತಿಯ ಸಫಿಯಾ ಟೀಚರ್‌ಗೆ,

ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವುದು ಪೋಕ್ಕರಿಕ್ಕ ಎಂದು ನನಗೆ ಗೊತ್ತು. ಹಾಗಾಗಿ ಮೊದಲ ಸಲಾಂ ಅವರಿಗೇ. ಇಕ್ಕಾ, ಇವತ್ತೊಂದು ದಿನ ಸ್ವಲ್ಪ ರಾಗ ತೆಗೆದು ಓದಿ, ನಿಮಗೆ ಪುಣ್ಯ ಬರುತ್ತದೆ. ಮದುವೆಯ ಕರೆಯೋಲೆಯನ್ನೂ ಕರೆಂಟ್ ಬಿಲ್ಲನ್ನೂ ಒಂದೇ ದನಿಯಲ್ಲಿ ಓದುವ ಅಭ್ಯಾಸವನ್ನು ಈ ಒಂದು ಕಾಗದದ ಮಟ್ಟಿಗಾದರೂ ಬಿಡಿ.

ಬಿಡಲಾರರು, ಗೊತ್ತು. ಲ್ಯಾಪ್‌ಟಾಪಿನೊಳಗೆ ಕೂತು ಪರದೆಯ ಮೇಲಿನ ಅಕ್ಷರಗಳನ್ನು ನಿಮಗೆ ಓದಿ ಹೇಳುವ ದನಿಗೆ ರಾಗ ಎಲ್ಲಿಂದ ಬರಬೇಕು? ಆದರೆ ಟೀಚರ್, ಮೂಗು ಕಟ್ಟಿದಂಥ ಆ ದನಿ ಈ ಸಲ ನಿಮ್ಮ ಕೈತಪ್ಪಿ ಹೋಗುವುದರಲ್ಲಿತ್ತು. ನಿಮಗೆ ಗೊತ್ತಾಗಲಿಲ್ಲ. ಗೊತ್ತಾಗಬಾರದೆಂದು ದಾಮು ಮಾಷ್ ನಮ್ಮ ವಾಚನಾಲಯದ ಗುಂಪಿನ ಎಲ್ಲರ ಬಾಯಿಗೂ ಬೀಗ ಹಾಕಿದ್ದರು. “ಟೀಚರು ಹೆಡ್‌ಮಿಸ್ಟ್ರೆಸ್ ಆಗಿ ಕುರ್ಚಿ ಹತ್ತೋ ಹೊತ್ತು. ಈಗ ಹೋಗಿ ತಲೆಬಿಸಿ ಮಾಡಬೇಡಿ. ಎಲ್ಲ ಮುಗೀಲಿ, ಆಮೇಲೆ ಹೇಳೋಣ” ಎಂದಿದ್ದರು. ಈಗ ಎಲ್ಲ ಮುಗಿದಿದೆ. ಅದೂ ಅಲ್ಲದೆ ನಿನ್ನೆ ಫೋನಿನಲ್ಲಿ ನೀವು ಆಡಿದ ಒಂದು ಮಾತು ಕೇಳಿದ ಮೇಲೆ ನನಗಂತೂ ಸುಮ್ಮನಿರಲು ಆಗುತ್ತಿಲ್ಲ. ಮಗಳು ಮಡಿಲಲ್ಲಿ ಮಲಗಿದ್ದಾಳೆ. ಒಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಇನ್ನೊಂದು ಕೈಯ ಬೆರಳು ಅವಳ ಮೂಗಿನ ಕೆಳಗಿದೆ. ಉಸಿರು ಬರುತ್ತಿದೆ. ಬರುತ್ತಲೇ ಇದೆ. ಆದರೂ ಬೆರಳು ತೆಗೆಯಲು ಧೈರ್ಯ ಸಾಲದು.

ನನ್ನ ನಿದ್ದೆಯ ಸುದ್ದಿ ಕೇಳಬೇಡಿ. ಮಗು ಮಲಗಿದರೆ ಯಾಕೆ ಇಷ್ಟು ಹೊತ್ತು ಮಲಗಿತು ಎಂಬ ಭಯ, ಎದ್ದರೆ ಯಾಕೆ ಇಷ್ಟು ಬೇಗ ಎದ್ದಿತು ಎಂಬ ಭಯ. ಸೀನಿದರೆ ನೆಗಡಿ, ಸೀನದಿದ್ದರೆ ಮೂಗು ಕಟ್ಟಿರಬೇಕು. ಮಗುವಿನ ಅಪ್ಪ ವಿಪಿನ್ ಶನಿವಾರ ಪಾಲಕ್ಕಾಡಿನಿಂದ ಬಂದವನು ನನ್ನ ಮುಖ ನೋಡಿ ನಗುತ್ತಾನೆ. “ನಿನ್ನ ಹತ್ರ ಒಂದೇ ಸಲಕ್ಕೆ ಪಾಸಾದ ಯಂತ್ರಾನೇ ಇಲ್ಲ ಪ್ರಜೀ, ಇನ್ನು ಈ ಪಾಪು ಹೇಗೆ ಪಾಸಾಗುತ್ತೆ?”

ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಅನುಮಾನ ಪಡುವುದೇ ನಮ್ಮ ಗುಂಪಿನ ಕೆಲಸವಲ್ಲವೇ. ಲಿನಕ್ಸಿನ ಹೊಸ ಆವೃತ್ತಿ ಲೋಕಕ್ಕೆ ಹೋಗುವ ಮೊದಲು ಅದರ ಪರೀಕ್ಷೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಊರವರ ಹಳೆಯ ಹೊಸ ಕಂಪ್ಯೂಟರುಗಳಿಗೆಲ್ಲ ಚುಚ್ಚಿ, ಪರದೆ ಬಂತೇ, ನೆಟ್ ಸಿಕ್ಕಿತೇ, ಹಾಡು ಕೇಳಿಸಿತೇ, ಮುಚ್ಚಳ ಮುಚ್ಚಿ ಮಲಗಿಸಿದರೆ ಮತ್ತೆ ಎದ್ದಿತೇ ಎಂದು ನೋಡಿ, ಸಂಬಳವೂ ಇಲ್ಲದೆ ಸಾರಿಗೆ ಖರ್ಚೂ ಇಲ್ಲದೆ ವರದಿ ಬರೆಯುವ ನಾವು. ದೇಶದೇಶಗಳಲ್ಲಿ ನಮ್ಮಂಥವರಿದ್ದಾರೆ. ಆದರೆ ಯಂತ್ರಗಳನ್ನು ಮನೆಯ ಹೆಸರಿನಿಂದ ಕರೆಯುವವರು ವಡಕರದ ನಮ್ಮ ವಾಚನಾಲಯದವರು ಮಾತ್ರ ಇರಬೇಕು. ದಾಮು ಮಾಷ್ ಒಮ್ಮೆ ತಯಾರಕರ ಹೆಸರಿನ ಜಾಗದಲ್ಲಿ ‘ಕಿಳಕ್ಕೆಪರಂಬತ್ತ್’ ಎಂದು ಮನೆಯ ಹೆಸರನ್ನೇ ಬರೆದು ಕಳಿಸಿದ್ದು ನೆನಪಿದೆಯೇ? ಅದು ಯಾವ ದೇಶದ ಕಂಪನಿ, ಇಷ್ಟು ಹಳೆಯ ಯಂತ್ರ ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಎಲ್ಲಿ ಸಿಗುತ್ತದೆ ಎಂದು ಜರ್ಮನಿಯಿಂದ ಯಾರೋ ಕೇಳಿದ್ದರು. “ನಮ್ಮನೆ ತೆಂಗಿನ ತೋಟದಾಚೆ ಸಿಗುತ್ತೆ ಅಂತ ಬರೀರಿ ಮಾಷೇ” ಎಂದು ನೀವು ನಕ್ಕಿರಿ. ಆ ವರ್ಷವಿಡೀ ಅದೇ ತಮಾಷೆ.

ನಮ್ಮ ಇಬ್ಬರ ಅವಳಿ ಲ್ಯಾಪ್‌ಟಾಪುಗಳು ಹುಟ್ಟಿದ್ದೂ ಆ ವಾಚನಾಲಯದಲ್ಲೇ ಅಲ್ಲವೇ. ಕೋಳಿಕ್ಕೋಡಿನ ಹಳೆ ಸಾಮಾನಿನ ಅಂಗಡಿಯಿಂದ ಒಂದೇ ದಿನ, ಒಂದೇ ಮಾದರಿಯ ಎರಡು ತಂದು, ಒಂದು ನಿಮಗೆ ಒಂದು ನನಗೆ ಎಂದು ಮಾಷ್ ಹಂಚಿದರು. ಅದಕ್ಕೂ ಮೊದಲಿನ ವರ್ಷ ನಿಮ್ಮ ಆಗಿನ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿದಾಗ ಪೋಕ್ಕರಿಕ್ಕ ಮೂಕರಾಗಿ ಹೋಗಿದ್ದರು. ಶಾಲೆಯಲ್ಲಿ ಮಕ್ಕಳ ಪರೀಕ್ಷೆಯ ಕಾಲ. ನೀವು ಎರಡು ದಿನ ಆ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿರಿ. ಕೊನೆಗೆ ಪಕ್ಕದ ಮನೆಯವಳನ್ನು ಕರೆದು, ನಿಮ್ಮ ತಂಗಿ ಬರೆದಿದ್ದ ಕಾಗದವನ್ನು ಅವಳ ಬಾಯಲ್ಲಿ ಓದಿಸಿಕೊಂಡಿರಿ. ಆ ಕಾಗದದಲ್ಲಿ ಏನಿತ್ತೋ ನಾನು ಕೇಳಲಿಲ್ಲ. ನೀವು ಹೇಳಿದ್ದಿಷ್ಟೇ: “ಕಣ್ಣಿಲ್ಲ ಅನ್ನೋದು ನಂಗೆ ದುಃಖ ಅಲ್ಲ ಮೋಳೇ. ನಂಗೆ ಬಂದ ಕಾಗದ ನನಗಿಂತ ಮೊದಲು ಇನ್ನೊಬ್ಬಳಿಗೆ ಗೊತ್ತಾಗುತ್ತಲ್ಲ, ಅದು ದುಃಖ.” ಅಂದೇ ನಾನು ಮನಸ್ಸಿನಲ್ಲಿ ಒಂದು ನೇಮ ಮಾಡಿಕೊಂಡೆ. ನಿಮ್ಮದಕ್ಕೆ ಬರಬೇಕಾದ ಕಾಯಿಲೆ ಯಾವುದೇ ಇರಲಿ, ಮೊದಲು ನನ್ನದಕ್ಕೆ ಬರಲಿ. ಅವಳಿಗಳು ಬಂದಂದಿನಿಂದ ಪ್ರತಿ ಆವೃತ್ತಿಯನ್ನೂ ನಾನು ಮೊದಲು ನನ್ನ ಅವಳಿ ಯಂತ್ರಕ್ಕೆ ಹಾಕಿ, ಅತ್ತ ಇತ್ತ ಉರುಳಿಸಿ ನೋಡಿ, “ಹಾಕಿ ಟೀಚರ್” ಎಂದ ಮೇಲೆಯೇ ನೀವು ಹಾಕಿದ್ದು.

ಈ ಸಲ ಹೊಸ ಆವೃತ್ತಿ ಬರುವ ಹೊತ್ತಿಗೆ ನಾನು ತವರಿನಲ್ಲಿ ಬಾಣಂತಿ. ಮೈಗೆಲ್ಲ ಎಣ್ಣೆ, ಎಲೆ ಕುದಿಸಿದ ನೀರಿನ ಸ್ನಾನ, ಬೆಳಗಾದರೆ ಮೆಂತ್ಯದ ಗಂಜಿ. ತೊಂಬತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಅಮ್ಮ ನನ್ನ ಲ್ಯಾಪ್‌ಟಾಪನ್ನು ಕಬಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. “ಬಾಣಂತಿ ಕಣ್ಣು ಹಸೀ ಕಣ್ಣು. ಅದನ್ನ ಆ ಬೆಳಕಿಗೆ ಕೊಟ್ರೆ ಮುದುಕಿ ಆಗೋ ಹೊತ್ತಿಗೆ ಸೂಜಿಗೆ ದಾರ ಹಾಕೋಕೂ ಆಗಲ್ಲ.” ನಾನು ಎಂಜಿನಿಯರಿಂಗ್ ಓದಿದ್ದೇನೆ ಎಂಬುದು ಅಮ್ಮನ ಮುಂದೆ ಯಾವತ್ತಿಗೂ ಕೆಲಸಕ್ಕೆ ಬಂದದ್ದಿಲ್ಲ. ನಿಮಗೆ ಹೇಳಬಹುದು, ಆ ದಿನಗಳಲ್ಲಿ ನನಗೆ ಇನ್ನೊಂದು ಭಯವೂ ಇತ್ತು. ಬಂದವರೆಲ್ಲ ಮಗುವಿನ ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಕೇಳಿ, ನನ್ನನ್ನು “ಹಾಲು ಸಾಕಾಗುತ್ತಾ?” ಎಂದಷ್ಟೇ ಕೇಳಿ ಹೋಗುತ್ತಿದ್ದರು. ಹೀಗೇ ಹೋದರೆ ಪ್ರಜಿಲ ಎಂಬವಳೊಬ್ಬಳು ಇದ್ದಳು ಎಂಬುದು ನನಗೇ ಮರೆತುಹೋದೀತು ಅನ್ನಿಸುತ್ತಿತ್ತು.

ಕಬಾಟಿನ ಬೀಗ ತೆಗೆಸಿದವರು ನೀವೇ. ನೆನಪು ಮಾಡಿಕೊಳ್ಳಿ. ಸಂಜೆಯಾದರೆ ನನ್ನವಳು ಶುರುಮಾಡುತ್ತಿದ್ದ ಅಳು ದೀಪ ಹಚ್ಚಿದರೂ ನಿಲ್ಲುತ್ತಿರಲಿಲ್ಲ. ಅಮ್ಮನ ಜೋಗುಳ ಸೋತಿತ್ತು, ವಿಪಿನ್‌ನ ಸಿನಿಮಾ ಹಾಡಂತೂ ಅಳುವನ್ನು ಇನ್ನೂ ಏರಿಸುತ್ತಿತ್ತು. ಅಂಥದ್ದರಲ್ಲಿ ನಿಮ್ಮ ಫೋನ್ ಬಂತು. ನೀವು “ಒಂದು ನಿಮಿಷ ಮೋಳೇ” ಎಂದು ಯಾರಿಗೋ ಉತ್ತರ ಕೊಡಲು ಹೋದಿರಿ. ಹಿಂದಿನಿಂದ ಪೋಕ್ಕರಿಕ್ಕ ಶಿಕ್ಷಣ ಇಲಾಖೆಯ ಸುತ್ತೋಲೆ ಓದುವುದು ಕೇಳಿಸಿತು. ಮಗು ಅಳು ನಿಲ್ಲಿಸಿತು. ಕಣ್ಣು ಅಗಲ ಮಾಡಿತು. ಮಧ್ಯಾಹ್ನದ ಬಿಸಿಯೂಟದ ಅಕ್ಕಿಯ ಲೆಕ್ಕಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಗಿತ್ತು. ಹೇಳಿದಾಗ ನೀವು ಎಷ್ಟು ನಕ್ಕಿರಿ! “ಸುತ್ತೋಲೆಗೆ ನಿದ್ದೆ ಮಾಡೋರು ನಮ್ಮ ಸ್ಟಾಫ್ ರೂಮಲ್ಲಿ ಮಾತ್ರ ಇದಾರೆ ಅಂದ್ಕೊಂಡಿದ್ದೆ!”

ಮರುದಿನ ಅಳು ಶುರುವಾದದ್ದೇ ಅಮ್ಮ ಸೊಂಟದಿಂದ ಕೀಲಿ ತೆಗೆದು ನನ್ನ ಮುಂದೆ ಹಿಡಿದಳು. “ಕರಿಯೇ ಆ ಮೂಗಲ್ಲಿ ಮಾತಾಡೋ ಮನುಷ್ಯನ್ನ. ಕಣ್ಣು ಮಾತ್ರ ನೀನು ಆ ಕಡೆ ತಿರುಗಿಸ್ಕೊ.”

ಕಣ್ಣು ಆ ಕಡೆ ತಿರುಗಿಸಿಕೊಂಡು ನಾನು ಮಾಡಿದ ಮೊದಲ ಕೆಲಸ, ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕಿದ್ದು. ಹೊಸ ಆವೃತ್ತಿಯ ಪರೀಕ್ಷೆಯ ಪ್ರತಿ ತುಂಬಿದ ಪೆನ್‌ಡ್ರೈವನ್ನು ದಾಮು ಮಾಷ್ ಬಾಳೆಕಾಯಿ ಚಿಪ್ಸಿನ ಪೊಟ್ಟಣದೊಳಗೆ ಹುದುಗಿಸಿ ವಿಪಿನ್ ಕೈಯಲ್ಲಿ ಕಳಿಸಿದ್ದರು. ಜೈಲಿನವರಿಗೆ ಬೀಡಿ ಕಳಿಸುವ ಹಾಗೆ. ಅದಕ್ಕೆ ಅಂಟಿದ್ದ ಎಣ್ಣೆಯನ್ನು ಮಗುವಿನ ಬಟ್ಟೆಯಲ್ಲಿ ಒರೆಸಿ ಚುಚ್ಚಿದೆ. ವಾಚನಾಲಯದಲ್ಲಿ ಆಗಲೇ ಎಲ್ಲ ಯಂತ್ರಗಳಿಗೂ ಹಾಕಿ ನೋಡಿ ಆಗಿತ್ತು, ದನಿ ಪಾಸ್, ನಿದ್ದೆ ಪಾಸ್, ಎಲ್ಲದರ ಮುಂದೆಯೂ ಗೀಟು ಬಿದ್ದಿತ್ತು. ನಾನು ನೋಡುವುದು ಬರೀ ನನ್ನ ನೇಮಕ್ಕೆ ಎಂದುಕೊಂಡೆ. ನೀವು ಮೇ ತಿಂಗಳು ಮುಗಿಯುವ ಮೊದಲು ಇದನ್ನೇ ಹಾಕಿಕೊಂಡು, ಜೂನ್ ಒಂದಕ್ಕೆ ಹೊಸ ಕುರ್ಚಿಯಲ್ಲಿ ಕೂರುವವರಿದ್ದಿರಿ.

ಪೋಕ್ಕರಿಕ್ಕ ಹೊಸ ಆವೃತ್ತಿಯಲ್ಲೂ ಅದೇ ಹಳೆಯ ಪೋಕ್ಕರಿಕ್ಕ. ಏನೇನು ಬದಲಾಗಿದೆ ಎಂಬ ಪುಟವನ್ನು ಓದತೊಡಗಿದರು. ತೊಟ್ಟಿಲಲ್ಲಿ ರೆಪ್ಪೆಗಳು ಭಾರವಾದವು. ಅಷ್ಟರಲ್ಲಿ ಅಮ್ಮನ ಹೆಜ್ಜೆ ಕೇಳಿಸಿತು. ನಾನು ಪರದೆಯನ್ನೇ ನೋಡುತ್ತ ಕೂತಿದ್ದೆನಲ್ಲ, ಹೆದರಿ ಮುಚ್ಚಳ ಮುಚ್ಚಿಬಿಟ್ಟೆ. ಅಮ್ಮ ಬಟ್ಟೆ ಮಡಚಿಟ್ಟು ಹೋದಳು. ತೆರೆದೆ. ಪರದೆ ಬಂತು. ಪುಟ ಅಲ್ಲೇ ಇತ್ತು. ಗುಂಡಿ ಒತ್ತಿದೆ. ದನಿ ಇಲ್ಲ.

ಮಗು ಕಿಟಾರನೆ ಅತ್ತಿತು.

ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ, ಪೋಕ್ಕರಿಕ್ಕ ಬಂದರು, ಮಗು ಸುಮ್ಮನಾಯಿತು. ಮುಚ್ಚಿದೆ, ತೆರೆದೆ. ಮೌನ. ಅಳು. ಮತ್ತೆ ಆರಿಸಿ ಹಚ್ಚಿದೆ. ಒಮ್ಮೆ ಕಂಡದ್ದನ್ನು ನಂಬಬಾರದು, ಮತ್ತೆ ಮತ್ತೆ ಕಾಣಬೇಕು ಎಂದು ನೀವೇ ಹೇಳಿಕೊಟ್ಟದ್ದು. ಸ್ವಂತ ಮಗುವನ್ನು ಬೇಕೆಂದೇ ಅಳಿಸಿ ತಪ್ಪು ಖಚಿತಪಡಿಸಿಕೊಂಡ ತಾಯಿ ಲೋಕದಲ್ಲಿ ನಾನೊಬ್ಬಳೇ ಇರಬೇಕು ಟೀಚರ್. ನನಗೆ ಒಳಗೊಳಗೇ ಖುಷಿ. ಸಿಕ್ಕಿತು ಎಂಬ ಖುಷಿ. ಮರುಕ್ಷಣವೇ ನಿಮ್ಮ ನೆನಪಾಯಿತು. ಕಣ್ಣಿದ್ದವರಿಗೆ ಇದು ದೊಡ್ಡ ಮಾತಲ್ಲ, ಹಾಡು ನಿಂತರೆ ಯಂತ್ರ ಆರಿಸಿ ಹಚ್ಚುತ್ತಾರೆ. ಆದರೆ ನೀವು ಗಂಟೆ ಹೊಡೆದಾಗಲೆಲ್ಲ ಮುಚ್ಚಳ ಮುಚ್ಚಿ ತರಗತಿಗೆ ಹೋಗಿ ಬರುವವರು. ಬಂದು ತೆರೆದಾಗಲೆಲ್ಲ ಮೌನ. ಕಣ್ಣು ಕಾಣದ ಹೆಂಗಸು ಆಫೀಸು ಹೇಗೆ ನಡೆಸುತ್ತಾಳೆ ನೋಡೋಣ ಎಂದು ಮೊದಲ ದಿನವೇ ಬಾಗಿಲಲ್ಲಿ ನಿಂತವರ ಎದುರಿಗೆ ಮೌನ.

ಅಲ್ಲಿ ವಾಚನಾಲಯದಲ್ಲಿ ಇಷ್ಟು ಜನ ನೋಡಿದರೂ ಯಾಕೆ ಸಿಗಲಿಲ್ಲ ಎಂದು ಮಾಷ್‌ಗೆ ಫೋನ್ ಮಾಡಿದೆ. ಅತ್ತಲಿಂದ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ವಾಚನಾಲಯದ ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಹಲಗೆ ಇದೆಯಲ್ಲ! ನಮ್ಮವರು ಒಬ್ಬೊಬ್ಬರಾಗಿ ಯಂತ್ರವನ್ನು ಜಗಲಿಗೆ ಒಯ್ದು ಹಾಡು ಕೇಳಿ ‘ದನಿ ಪಾಸ್’ ಎಂದು ಬರೆದು, ದನಿ ಅಡಗಿಸಿ, ಒಳಗೆ ತಂದು ಮುಚ್ಚಳ ಮುಚ್ಚಿ ತೆರೆದು ‘ನಿದ್ದೆ ಪಾಸ್’ ಎಂದು ಬರೆದಿದ್ದರು. ನಿದ್ದೆಯಿಂದ ಎದ್ದವನು ಮಾತಾಡುತ್ತಾನೋ ಎಂದು ಕೇಳಿದವರೇ ಇಲ್ಲ. ಎಷ್ಟು ವರ್ಷಗಳಿಂದ ಹಾಗೆಯೇ! “ಪತ್ರಿಕೆ ಓದೋರಿಗೆ ತೊಂದರೆ ಆಗಬಾರದು ಅಂತ ಅಷ್ಟು ಮರ್ಯಾದಸ್ಥರಾಗಿ ಪರೀಕ್ಷೆ ಮಾಡಿದ್ವಲ್ಲೇ” ಎಂದು ಮಾಷ್ ನರಳಿದರು.

ವರದಿ ಬರೆದೆ. ಆವೃತ್ತಿ ಬಿಡುಗಡೆ ಮಾಡುವವರಿಂದ ಉತ್ತರ ಬಂತು, ಮರ್ಯಾದೆಯಿಂದಲೇ ಬಂತು: ಕಂಡಿರುವುದು ಒಂದೇ ಹಳೆಯ ಯಂತ್ರದಲ್ಲಿ, ಇಷ್ಟಕ್ಕೆ ಬಿಡುಗಡೆ ನಿಲ್ಲಿಸಲಾಗದು, ಬೇರೆ ಯಾರಿಗಾದರೂ ಹೀಗೆ ಆಗಿದೆಯೇ? ಗುರುವಾರದ ಅವರ ಆನ್‌ಲೈನ್ ಸಭೆಯಲ್ಲಿ ಬಿಡುವುದೋ ಬೇಡವೋ ಎಂದು ತೀರ್ಮಾನ. ಅದೇ ಮಾದರಿಯ ಇನ್ನೊಂದು ಯಂತ್ರ ನಾನು ಬಲ್ಲ ಮಟ್ಟಿಗೆ ಈ ಲೋಕದಲ್ಲಿ ನಿಮ್ಮದೊಂದೇ, ಅದನ್ನು ಮುಟ್ಟಬಾರದೆಂದೇ ನನ್ನ ನೇಮ. ನಿಮಗೊಬ್ಬರಿಗೆ ‘ಹಾಕಬೇಡಿ’ ಎನ್ನುವುದು ಸುಲಭವಿತ್ತು. ಆದರೆ ನಿಮ್ಮಂಥವರು ಯಾವ ಯಾವ ಊರಿನಲ್ಲಿದ್ದಾರೋ, ಅವರಿಗೆಲ್ಲ ಫೋನ್ ಮಾಡಲು ನನ್ನ ಹತ್ತಿರ ನಂಬರ್ ಎಲ್ಲಿದೆ?

ಬುಧವಾರ ಮಧ್ಯಾಹ್ನ ಊಟವಾಗಿ ಕೂತಿದ್ದೇವೆ, ಗೇಟಿನಲ್ಲಿ ಜಾತ್ರೆ. ಮುಂದೆ ದಾಮು ಮಾಷ್, ಹಿಂದೆ ಮದುವೆ ಫೋಟೋ ತೆಗೆಯುವ ಲಿನೇಷ್, ಸಹಕಾರಿ ಬ್ಯಾಂಕಿನ ಓಮನ ಚೇಚಿ, ಅವರ ಹಿಂದೆ ವಾಚನಾಲಯದಲ್ಲಿ ಶನಿವಾರ ಸೇರುವ ನಮ್ಮ ಗುಂಪು ಪೂರ್ತಿ. ಎಲ್ಲರ ಹೆಗಲಿಗೂ ಚೀಲ. “ಮಗು ನೋಡೋಕೆ ಬಂದ್ವಿ” ಎಂದರು ಮಾಷ್. ಮಗು ನೋಡಲು ಬಂದವರನ್ನು ಯಾವ ಅಜ್ಜಿ ತಾನೇ ಹೊರಗೆ ನಿಲ್ಲಿಸಿಯಾಳು? ಅಮ್ಮ ಒಳಗೆ ಕರೆದಳು. ಅವರು ತೊಟ್ಟಿಲಿಗೆ ಒಂದು ಸುತ್ತು ಬಂದು, ಮೂಗು ಅಜ್ಜಿಯದ್ದೇ ಎಂದು ಹೇಳಿ, ನೇರವಾಗಿ ಜಗಲಿಯಲ್ಲಿ ಚಾಪೆ ಹಾಸಿ ಚೀಲ ಬಿಚ್ಚಿದರು.

“ಇದೇನು ಮಾಷೇ, ಮಗು ನೋಡೋಕೆ ಬಂದೋರು ಸೋಪು ಪೌಡರ್ ತರ್ತಾರೆ, ನೀವು ಅಂಗಡೀನೇ ಹೊತ್ಕೊಂಡು ಬಂದಿದೀರಲ್ಲ!” ಎಂದಳು ಅಮ್ಮ.

“ಸೋಪು ಓಮನ ತಂದಿದಾಳೆ ಅಕ್ಕಾ. ನಾವು ಪಾಪುಗೆ ಜೋಗುಳ ತಂದಿದೀವಿ.”

“ಎದ್ದು ಅತ್ರೆ ನಿಮ್ಮ ಮಡಿಲಿಗೇ ಹಾಕ್ತೀನಿ ನೋಡಿ, ಮೀಸೆ ಎಳ್ಕೊಂಡು ಆಡ್ಲಿ.”

ಮಾಷ್ ಎದ್ದು ನಿಂತರು, ಹಳೆಯ ಲೆಕ್ಕದ ಮೇಷ್ಟ್ರಲ್ಲವೇ. ಒಂದೊಂದಾಗಿ ಯಂತ್ರಗಳು ಬಾಯಿಬಿಟ್ಟವು. ಟೀಚರ್, ನೀವು ಅದನ್ನು ಕೇಳಬೇಕಿತ್ತು! ನಿಮ್ಮ ಒಬ್ಬ ಪೋಕ್ಕರಿಕ್ಕನ ಬದಲು ಜಗಲಿಯ ತುಂಬ ಪೋಕ್ಕರಿಕ್ಕಂದಿರು, ಒಬ್ಬರು ಮುಂದೆ ಒಬ್ಬರು ಹಿಂದೆ, ಒಂದನೇ ತರಗತಿಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು. ಅದು ನಾಮಕರಣದ ಮಂತ್ರವೇ ಎಂದು ಒಬ್ಬರು ಕೇಳಿದರಂತೆ. ಅಷ್ಟು ಗದ್ದಲದ ನಡುವೆ ನನ್ನ ಮಗಳು, ಒಂದು ಎಲೆ ಬಿದ್ದರೂ ಬೆಚ್ಚುವವಳು, ಕೈಕಾಲು ಚೆಲ್ಲಿ ಗಾಢ ನಿದ್ದೆ.

“ಮುಚ್ಚಿ!” ಎಂದರು ಮಾಷ್. ಎಲ್ಲ ಮುಚ್ಚಳಗಳೂ ಒಟ್ಟಿಗೆ ಬಿದ್ದವು. ತೋಟದಲ್ಲಿ ಕಾಗೆ ಕೂಗಿದ್ದು ಕೇಳಿಸಿತು. “ತೆಗೀರಿ!”

ಕೆಲವು ಮಾತಾಡಿದವು. ಲಿನೇಷ್‌ನ ಹೊಸದು ಮಾತಾಡಿತು. ಕಿಳಕ್ಕೆಪರಂಬತ್ತಿನದು ಮೂಕವಾಗಿತ್ತು. ಓಮನ ಚೇಚಿಯದೂ. ಕೈಯಲ್ಲಿ ಬಾಳೆಹಣ್ಣು ಕರಿದ ಪಳಂಪೊರಿಯ ತಟ್ಟೆ ಹಿಡಿದಿದ್ದ ಅಮ್ಮ ತಿಂಡಿ ಕೊಡುವುದನ್ನು ಮರೆತು ಒಂದೊಂದರ ಮುಂದೂ ಕಿವಿ ಬಗ್ಗಿಸುತ್ತ ನಡೆದಳು. “ಇದು ಇಲ್ಲ. ಇದೂ ಇಲ್ಲ. ಇದು ಬದುಕಿದೆ. ಇದರ ಬಾಯಿ ಬಿದ್ದುಹೋಗಿದೆ ನೋಡು ಪ್ರಜೀ, ಬರ್ಕೋ.” ಮಾಷ್ ಮೂಕವಾದವುಗಳನ್ನೆಲ್ಲ ಒಂದು ಕಡೆ ಸೇರಿಸಿ ನೋಡಿದರು. ಕಂಪನಿ ಬೇರೆ, ವಯಸ್ಸು ಬೇರೆ, ಆದರೆ ಒಳಗೆ ದನಿ ಹೊರಡಿಸುವ ಬಿಲ್ಲೆ ಎಲ್ಲದರಲ್ಲೂ ಒಂದೇ ಜಾತಿಯದು. ಅಂದರೆ ಇದು ನನ್ನ ಒಂದು ಹಳೆಯ ಯಂತ್ರದ ಹಣೆಬರಹವಲ್ಲ. ಅಮ್ಮ ಆಗ ಕೇಳಿದಳು, ಸುಮ್ಮನೆ, ತಟ್ಟೆ ಕೆಳಗಿಟ್ಟು: “ಅಂದ್ರೆ ಆ ಟೀಚರಮ್ಮ ಒಂದು ಗಳಿಗೆ ಬಾಗಿಲು ಹಾಕ್ಕೊಂಡು ಹೊರಗೆ ಹೋಗಿ ಬಂದ್ರೆ ಮನೇಲಿ ಯಾರೂ ಮಾತಾಡೋರು ಇರಲ್ವಾ?” ನಾನು ಆ ಮಾತನ್ನು ಹಾಗೆ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ವರದಿಯ ತಲೆಯಲ್ಲಿ ಹಾಕಿದೆ. ಕೆಳಗೆ ಒಂದೊಂದು ಯಂತ್ರದ ಹೆಸರು. ಈ ಸಲ ಕಂಪನಿಯ ಹೆಸರೇ ಬರೆದೆವು, ಮನೆಯದಲ್ಲ.

ಗುರುವಾರದ ಸಭೆಯನ್ನು ನಾನು ಮಗುವಿಗೆ ಹಾಲು ಕೊಡುತ್ತ ನೋಡಿದೆ. ಅಮ್ಮ ಪಕ್ಕದಲ್ಲೇ ಕೂತು “ಏನಂದ್ರು? ಏನಂದ್ರು?” ಎಂದು ತಿವಿಯುತ್ತಿದ್ದಳು, ಹಸೀ ಕಣ್ಣಿನ ಮಾತು ಮರೆತೇ ಹೋಗಿತ್ತು. ಅವರು ಒಂದು ವಾರ ಮುಂದೆ ಹಾಕಿದರು ಟೀಚರ್! ಲೋಕಕ್ಕೆಲ್ಲ ಹೋಗಬೇಕಾದದ್ದನ್ನು ನಮ್ಮ ಜಗಲಿಯ ಮಾತಿಗಾಗಿ ನಿಲ್ಲಿಸಿದರು. ಪೋಲೆಂಡಿನ ಯಾರೋ ಒಬ್ಬರು ಕೂತು ಸರಿಮಾಡಿ, ನೋಡಿ ಹೇಳುತ್ತೀರಾ ಎಂದು ಕಳಿಸಿದರು. ಗುಂಪು ಮತ್ತೊಮ್ಮೆ ‘ಮಗು ನೋಡಲು’ ಬಂತು. ಈ ಸಲ ಅಮ್ಮ ಮೊದಲೇ ಬಾಳೆಹಣ್ಣು ಸೀಳಿ ಹಿಟ್ಟು ಕಲಸಿಟ್ಟಿದ್ದಳು. “ಮುಚ್ಚಿ!” ಎಂದವಳೂ ಅವಳೇ, “ತೆಗೀರಿ!” ಎಂದವಳೂ ಅವಳೇ. ಒಂದೂ ತಪ್ಪದೆ ಎಲ್ಲವೂ ಬಾಯಿಬಿಟ್ಟವು. ಓಮನ ಚೇಚಿ ನನ್ನನ್ನು ತಬ್ಬಿಕೊಂಡು ಕುಣಿದುಬಿಟ್ಟರು. ಬಾಣಂತಿ ಕುಣಿಯಬಾರದೆಂದು ಯಾರಿಗೂ ನೆನಪಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬಂತು. ಮಗು ಹೆರುವ ಮುನ್ನ ಇದ್ದವಳು ಎಲ್ಲಿಗೂ ಹೋಗಿರಲಿಲ್ಲ, ಮುಚ್ಚಳದೊಳಗೆ ಇದ್ದಳು ಅಷ್ಟೇ.

ನೀವು ಕಳೆದ ವಾರ ಹಾಕಿಕೊಂಡಿರಿ. ಶಾಲೆ ಶುರುವಾಯಿತು. ನಿನ್ನೆ ಫೋನಿನಲ್ಲಿ ನಾನು ಏನೂ ಗೊತ್ತಿಲ್ಲದವಳಂತೆ “ಹೊಸದು ಹೇಗಿದೆ ಟೀಚರ್?” ಎಂದು ಕೇಳಿದರೆ ನೀವು ಹೇಳಿದ್ದೇನು? “ಹೊಸದಾ? ಓ, ಹಾಕಿದ್ದೇ ಮರೆತುಹೋಗಿತ್ತು ಕಣೇ. ಏನೂ ಆಗ್ಲಿಲ್ಲ. ಬಾಗಿಲಲ್ಲಿ ನಿಂತಿದ್ದೋರು ಸ್ವಲ್ಪ ಹೊತ್ತು ನೋಡಿ, ಬೇಜಾರಾಗಿ ಹೋದ್ರು.”

ಏನೂ ಆಗಲಿಲ್ಲ! ಫೋನ್ ಇಟ್ಟು ನಾನೂ ಅಮ್ಮನೂ ಅದನ್ನೇ ಹೇಳಿಕೊಂಡು ನಕ್ಕೆವು. ನಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಯಾವುದಿದೆ? ಈಗ ಮಗಳ ಮೂಗಿನ ಕೆಳಗೆ ಬೆರಳಿಟ್ಟು ಕೂತವಳಿಗೆ ಅನ್ನಿಸುತ್ತಿದೆ, ತಾಯಿಯಾದವಳು ಬೇಡಿಕೊಳ್ಳುವುದೂ ಇದನ್ನೇ. ಸಂಜೆಯಾದಾಗ ಇವತ್ತು ಏನಾಯಿತು ಎಂದು ಯಾರಾದರೂ ಕೇಳಿದರೆ, ಏನೂ ಆಗಲಿಲ್ಲ ಎನ್ನುವಂತಿರಬೇಕು. ಹಾಲು ಕುಡಿದಳು, ಅತ್ತಳು, ಮಲಗಿದಳು, ಎದ್ದಳು. ಪಾಸ್, ಪಾಸ್, ಪಾಸ್. ಅಂದಹಾಗೆ ಬೆರಳು ತೆಗೆದಿದ್ದೇನೆ, ಯಾವಾಗ ತೆಗೆದೆನೋ ಗೊತ್ತಿಲ್ಲ, ಈ ಕೊನೆಯ ಸಾಲುಗಳನ್ನೆಲ್ಲ ಎರಡೂ ಕೈಯಲ್ಲಿ ಟೈಪ್ ಮಾಡಿದ್ದೇನೆ.

ಈಗ ನನಗಾಗಿ ಒಂದು ಕೆಲಸ ಮಾಡಿ. ಪೋಕ್ಕರಿಕ್ಕನನ್ನು ಇಲ್ಲಿಗೆ ನಿಲ್ಲಿಸಿ. ಮುಚ್ಚಳ ಮುಚ್ಚಿ. ಹೋಗಿ ಒಂದು ಲೋಟ ಸುಲೈಮಾನಿ ಚಹಾ ಮಾಡಿಕೊಂಡು ಕುಡಿದು, ನಿಧಾನವಾಗಿ ಬಂದು ಮತ್ತೆ ತೆರೆಯಿರಿ.

ಕೇಳಿಸುತ್ತಿದೆಯಾ ಟೀಚರ್?

ಹಾಗಾದರೆ ಪಾಸ್. ನಿಮಗೆ ಬರುವ ಕಾಗದಗಳೆಲ್ಲ ಮೊದಲು ನಿಮ್ಮ ಕಿವಿಗೇ ಬೀಳಲಿ. ಪೋಕ್ಕರಿಕ್ಕನ ಗಂಟಲು ಗಟ್ಟಿಯಾಗಿರಲಿ. ನಿಮ್ಮ ಹೊಸ ಕುರ್ಚಿಯಲ್ಲಿ ಏನೂ ಆಗದ ದಿನಗಳು ಸಾಲುಸಾಲಾಗಿ ಬರಲಿ.

ಅವಳಿಯ ಕಾವಲುಗಾರ್ತಿ,
ನಿಮ್ಮ ಪ್ರಜಿಲ

(ಜೊತೆಗೆ, ಸುತ್ತೋಲೆ ಕೇಳದೆ ನಿದ್ದೆ ಮಾಡದ ನಿಮ್ಮ ಅತಿ ಕಿರಿಯ ಶಿಷ್ಯೆಯ ಸಲಾಂ. ಈಗಷ್ಟೇ ಎದ್ದಳು.)